ಕಡಲಿನ ಸಭೆಯಲ್ಲಿ ಹಂಪಾಪುರದ ಮಾದೇಶ

ಹಂಪಾಪುರದ ಮಾದೇಶ ಮಲಯಾಳ ಕಲಿತದ್ದು ಶುಂಠಿ ಹೊಲದಲ್ಲಿ. ವಯನಾಡಿನವರು ಅವನ ಊರಿನ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಿದ್ದಾಗ ಅವರ ಟ್ರ್ಯಾಕ್ಟರ್ ಓಡಿಸುತ್ತಾ, ಬೈಗುಳದಿಂದ ಶುರುಮಾಡಿ, ಇಡೀ ಭಾಷೆಯನ್ನೇ ಬಾಯಿಗೆ ಹಾಕಿಕೊಂಡ. ಈಗ ಮೈಸೂರಿನ ಒಂದು ಸಂಸ್ಥೆಯ ಜೀಪಿಗೆ ಡ್ರೈವರ್. ಕರ್ನಾಟಕ, ಕೇರಳದ ಮೀನುಗಾರರನ್ನು ಒಟ್ಟಿಗೆ ಕೂರಿಸಿ, ಕಡಲಿನ ಯಾವ ಭಾಗದಲ್ಲಿ ಯಾವಾಗ ಬಲೆ ಬಿಡಬಾರದು ಎಂದು ಇಬ್ಬರೂ ಒಪ್ಪುವ ಒಂದೇ ನಕ್ಷೆ ಮಾಡಿಸುವುದು ಆ ಸಂಸ್ಥೆಯ ಕೆಲಸ.

ಮಂಗಳೂರಿನ ಸಭೆಯ ದಿನ ದುಭಾಷಿಗೆ ಜ್ವರ. ಹೊನ್ನಾವರದವರಿಗೆ ಮಲಯಾಳ ಬಾರದು, ಕಣ್ಣೂರಿನವರಿಗೆ ಕನ್ನಡ ಬಾರದು. ಸಂಸ್ಥೆಯ ಮಧುಶ್ರೀ ಮೇಡಂ, ಜೀಪು ಒರೆಸುತ್ತಿದ್ದ ಮಾದೇಶನನ್ನು ಕರೆತಂದು ನಡುವೆ ಕೂರಿಸಿದರು.

"ನಾನು ಸಮುದ್ರಕ್ಕೆ ಇಳಿದೋನೇ ಅಲ್ಲ ಕಣ್ರೀ. ಶುಂಠಿ ಮಾತು ಬುಟ್ರೆ ಬ್ಯಾರೆ ಬರಾಕಿಲ್ಲ."

"ಅವರು ಹೇಳಿದ್ದನ್ನ ಹೇಳು, ಅಷ್ಟೇ."

ಬೆಳಿಗ್ಗೆ ಸಲೀಸಾಗಿ ನಡೆಯಿತು. ಮಧ್ಯಾಹ್ನ ಗಡಿಯ ಮಾತು ಬಂದು ದನಿಗಳು ಏರಿದವು. ಆ ಗದ್ದಲದಲ್ಲಿ ಕಣ್ಣೂರಿನ ಹಿರಿಯನೊಬ್ಬ ಎದ್ದು ಕೈಯೆತ್ತಿ, "ಮತ್ತಿ..." ಎಂದ. ಶುಂಠಿ ಹೊಲದಲ್ಲಿ ಸಂಜೆ ಕೆಲಸ ನಿಲ್ಲಿಸಲು ಮೇಸ್ತ್ರಿ 'ಮತಿ' ಎಂದು ಕೂಗುತ್ತಿದ್ದ, ಸಾಕು ಎಂದರ್ಥ.

"ಸಾಕು ಅಂತಾವ್ರೆ," ಎಂದುಬಿಟ್ಟ ಮಾದೇಶ.

ಹೊನ್ನಾವರದವರು ದಡಕ್ಕನೆ ಎದ್ದರು. "ಮಾತು ಮುಗಿಸೂಕೆ ಅವ ಯಾರು?" ಕುರ್ಚಿಯೊಂದು ಉರುಳಿತು. ಕಕ್ಕಾಬಿಕ್ಕಿಯಾದ ಹಿರಿಯ ಅಂಗೈಗಳನ್ನು ಜೋಡಿಸಿ ಮೀನು ಮಾಡಿ, ಬಸುರಿಯ ಹಾಗೆ ಹೊಟ್ಟೆ ಸವರಿ ತೋರಿಸುತ್ತಾ ಮತ್ತೊಮ್ಮೆ ನಿಧಾನವಾಗಿ ಹೇಳಿದ. ಮಾದೇಶನ ಮುಖ ಬೆವತುಹೋಯಿತು.

"ಅಯ್ಯೋ, ತಪ್ಪು ನಂದು ಕಣ್ರಣ್ಣ! ಮತ್ತಿ ಅಂದ್ರೆ ಮೀನಂತೆ. ಅದು ನಿಮ್ಮ ಕಡೆ ಮೊಟ್ಟೆ ಇಟ್ರೆ ಮರಿ ಇವರ ಕಡೀಕೂ ಬತ್ತವಂತೆ. ಬಸುರಿ ಮೀನ ನೀವೂ ಇಡೀಬ್ಯಾಡಿ, ನಾವೂ ಇಡಿಯಾಕಿಲ್ಲ ಅಂತಾವ್ರೆ."

"ಓ, ನಮ್ಮ ತಾರ್ಲೆ!" ಎಂದು ಹೊನ್ನಾವರದವರಲ್ಲಿ ಯಾರೋ ಆ ಮೀನಿಗೆ ತಮ್ಮೂರಿನ ಹೆಸರು ಹಿಡಿದು ಕೂಗಿದರು. ಆ ದಿನದ ಮೊದಲ ನಗು ಅದು. ಬಿದ್ದ ಕುರ್ಚಿಯನ್ನು ಎತ್ತಿಟ್ಟು ಎಲ್ಲರೂ ಕೂತರು. ಸಂಜೆಯ ಹೊತ್ತಿಗೆ, ಮತ್ತಿ ಮೊಟ್ಟೆ ಇಡುವ ತಿಂಗಳುಗಳಲ್ಲಿ ನಕ್ಷೆಯಲ್ಲಿ ಗುರುತು ಮಾಡಿದ ಕಡಲಿನ ಒಂದು ಪಟ್ಟಿಗೆ ಎರಡೂ ರಾಜ್ಯದ ಬೋಟುಗಳು ಹೋಗಬಾರದೆಂದು ಒಪ್ಪಿಗೆಯಾಯಿತು.

ಮರುದಿನ ಹಿರಿಯ, ತಾನು ಕಣ್ಣೂರಿನಿಂದ ಬಂದಿದ್ದ ಬೋಟಿನಲ್ಲಿ ಮಾದೇಶನನ್ನು ಕಡಲಿಗೆ ಕರೆದೊಯ್ದ. ಆ ಪಟ್ಟಿ ಎಲ್ಲಿದೆ ಎಂದು ಮಾದೇಶ ಕೇಳಿದರೆ ಅವನು ಉತ್ತರ ದಿಕ್ಕಿಗೆ ಬೆರಳು ತೋರಿದ. ಬೇಲಿಯಿಲ್ಲ, ಬದುವಿಲ್ಲ, ಬರೀ ನೀರು. ಅಷ್ಟರಲ್ಲಿ ಅಲೆಯ ತೂಗಾಟಕ್ಕೆ ಮಾದೇಶ ತಿಂದ ಇಡ್ಲಿಯೆಲ್ಲಾ ವಾಂತಿಯಾಗಿ ಕಡಲಿನ ಪಾಲಾಯಿತು. ಹಿರಿಯ ನಗುತ್ತಲೇ ಅವನ ಬೆನ್ನು ನೀವಿದ.

ದಡಕ್ಕೆ ಬಂದವನೇ ಮಾದೇಶ ಹೆಂಡತಿಗೆ ಫೋನ್ ಮಾಡಿದ. "ಅನು, ಸಮುದ್ರದ ಒಳೀಕೇ ಓಗಿದ್ದೆ ಕಣಮ್ಮಿ. ಶಾನೆ ದೊಡ್ಡದು. ಮುಂದಿನ ಸಲ ನಿನ್ನೂ ಕರ್ಕಂಡ್ ಬತ್ತೀನಿ."