ಹಾಳೆಯ ಮೇಲಿನ ಶ್ರೀಕಾರ

ಹೋದ ವಾರ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಮೈದಾ ಹಿಟ್ಟಿನ ಅಂಟು ಕುದಿಸಿದ್ದರು. ಮಕ್ಕಳ ಇಂಗ್ಲಿಷ್ ಭಾಷಣ ಮತ್ತು ಅಭಿಪ್ರಾಯ ಬರೆಯುವ ಸ್ಪರ್ಧೆಗೆ ಈ ಸಲ ಆದೋನಿಯಲ್ಲಿ ನಮ್ಮ ಶಾಲೆಯೇ ಕೇಂದ್ರ. ಬರೆದ ಹಾಳೆಯ ಬಲಮೂಲೆಯಲ್ಲಿ ಮಗುವಿನ ಹೆಸರಿರುತ್ತದೆ. ಆ ಮೂಲೆಯನ್ನು ಮಡಚಿ ಅಂಟಿಸಬೇಕು, ಯಾರ ಹಾಳೆ ಎಂದು ತೀರ್ಪುಗಾರರಿಗೆ ತಿಳಿಯಬಾರದು. ಬಾಟಲಿ ಗೋಂದು ಮುಗಿದಿತ್ತೆಂದು ಶಾಲೆಯ ಆಯಮ್ಮ ಹಳೆಯ ಪದ್ಧತಿಯಂತೆ ಹಿಟ್ಟು ಕಲಸಿ ಕುದಿಸಿ ತಂದಿಟ್ಟಳು. ಆ ಬೆಚ್ಚನೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಮೂವತ್ತು ಮುಟ್ಟುತ್ತಿರುವ ಹೆಂಗಸು, ಸಾಲದ್ದಕ್ಕೆ ಟೀಚರು, ಅಂಟಿನ ವಾಸನೆಗೆ ಹೆದರುತ್ತಾಳೆ ಎಂದರೆ ಯಾರಾದರೂ ನಕ್ಕಾರು. ನಗಲಿ. ನನಗೆ ನಮ್ಮ ಇಂಗ್ಲಿಷ್ ಮೇಡಂ ನೆನಪಾಗಿದ್ದರು.

ನಾನು ಓದಿದ್ದು ಕೌತಾಳಂ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ. ಆಂಧ್ರದೊಳಗಿನ ಕನ್ನಡ ಶಾಲೆ ಎಂದರೆ ಅತ್ತ ಅತ್ತೆ ಮನೆಯೂ ಅಲ್ಲ, ಇತ್ತ ತವರೂ ಅಲ್ಲ. ಬರುವ ಆದೇಶಗಳೆಲ್ಲ ತೆಲುಗಿನಲ್ಲಿ, ಕಲಿಯುವ ಪಾಠ ಕನ್ನಡದಲ್ಲಿ, ಇನ್ನು ಇಂಗ್ಲಿಷ್ ಎಂಬುದು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಒಂಬತ್ತನೆಯ ತರಗತಿಗೆ ಬಂದ ವರ್ಷ ಮೇಡಂ ಬಂದರು. ಪೆದ್ದಹರಿವಾಣಂನವರು. ಅಲ್ಲಿಂದ ಆದೋನಿಗೆ ಒಂದು ಬಸ್ಸು, ಆದೋನಿಯಿಂದ ನಮ್ಮೂರಿಗೆ ಇನ್ನೊಂದು. ಮದುವೆಯಾಗಿರಲಿಲ್ಲ, ಅಕ್ಕನ ಜೊತೆ ಇದ್ದರು. ಅವರದು ಕಾಯಂ ನೌಕರಿಯಲ್ಲ. ಪ್ರತಿ ಜೂನಿನಲ್ಲಿ ಹೆಡ್‌ಮಾಸ್ತರರು ಹೆಸರು ಬರೆದು ಕಳಿಸಿದರೆ ಆ ವರ್ಷದ ಮಟ್ಟಿಗೆ ಕೆಲಸ. ಅದು ನಮಗೆಲ್ಲ ಗೊತ್ತಿತ್ತು, ಹಳ್ಳಿಯಲ್ಲಿ ಏನು ಮುಚ್ಚಿಟ್ಟರೆ ಉಳಿಯುತ್ತದೆ?

ಆ ವರ್ಷ ಆದೋನಿಯಲ್ಲಿ ಸ್ಪರ್ಧೆ ಇದೆಯೆಂದು ಎಲ್ಲ ಶಾಲೆಗಳಿಗೂ ಕಾಗದ ಬಂತು. ಹೆಡ್‌ಮಾಸ್ತರರು ಅದನ್ನು ಓದಿ ಮೇಜಿನ ಖಾನೆಯೊಳಗೆ ಹಾಕಿಬಿಟ್ಟಿದ್ದರು. ಕನ್ನಡ ಮೀಡಿಯಂ ಹುಡುಗರು ಅಲ್ಲಿ ಹೋಗಿ ಬಾಯಿ ಬಿಟ್ಟರೆ ಶಾಲೆಯ ಮಾನ ಹೋಗುತ್ತದೆ ಎಂಬುದು ಅವರ ಲೆಕ್ಕ. ಮೇಡಂ ಹಟ ಹಿಡಿದು ಆ ಕಾಗದ ಈಚೆ ತೆಗೆಸಿದರು. ಕೊನೆಗೆ ಹೆಡ್‌ಮಾಸ್ತರರು ಒಪ್ಪಿದರು, ಆದರೆ ನಾವು ಮೂರು ಜನ ಹುಡುಗಿಯರು ಬಾಗಿಲಲ್ಲಿ ನಿಂತಿದ್ದಾಗಲೇ ಒಂದು ಮಾತು ಹೇಳಿದರು. "ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಒಂದು ರೂಲ್ ತಪ್ಪಿ ನಮ್ಮ ಶಾಲಿ ಹೆಸರು ಕೆಟ್ಟಿತು ಅಂದ್ರ, ಬರೋ ಜೂನ್‌ಕ ನಿಮ್ಮ ಹೆಸರು ನಾ ಬರೆಯಂಗಿಲ್ಲ ನೋಡ್ರಿ ಮೇಡಂ." ಮೇಡಂ ಆಗಲಿ ಎಂಬಂತೆ ತಲೆಯಾಡಿಸಿದರು.

ನಿಯಮಗಳೋ, ಒಂದೇ ಎರಡೇ! ಭಾಷಣಕ್ಕೆ ಮೂರು ನಿಮಿಷ. ಎರಡೂವರೆ ನಿಮಿಷಕ್ಕೆ ಒಂದು ಸಲ ಗಂಟೆ ಬಾರಿಸುತ್ತಾರೆ, ಮೂರಕ್ಕೆ ಎರಡು ಸಲ, ಆಮೇಲೆ ಆಡಿದ ಮಾತಿಗೆ ಅಂಕ ಕಡಿತ. ಕೈಯಲ್ಲಿ ಚೀಟಿ ಇರಬಾರದು. ಹೆಸರು, ಊರು, ಶಾಲೆ ಯಾವುದನ್ನೂ ಹೇಳಬಾರದು. ಇದೊಂದು ನಮಗೆ ಏನು ಮಾಡಿದರೂ ಬಗೆಹರಿಯಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರೂ ಯಾವೂರು, ಯಾರ ಪೈಕಿ ಎಂದು ಕೇಳಿಕೊಂಡೇ ಮುಂದಿನ ಮಾತು ಎತ್ತುವುದು. ಹೆಸರು ಹೇಳದೆ ಎದ್ದು ನಿಂತು ಮಾತಾಡುವುದು ಹೇಗೆ? ಬೇವಿನ ಗಿಡದ ಕೆಳಗೆ ಮೇಡಂ ಸ್ಟೀಲ್ ತಟ್ಟೆ ಹಿಡಿದು ಕೂರುತ್ತಿದ್ದರು, ಬಾಯಿಂದ ನಮ್ಮ ಹೆಸರು ಜಾರಿದ ಕೂಡಲೇ ಚಮಚದಿಂದ ಟಣ್ ಎನ್ನಿಸುತ್ತಿದ್ದರು. ಮೊದಲ ವಾರ ಆ ತಟ್ಟೆಗೆ ಬಿಡುವೇ ಇರಲಿಲ್ಲ.

ಅಭಿಪ್ರಾಯ ಬರೆಯುವುದು ಇನ್ನೂ ಕಷ್ಟ. ಮೊದಲ ಸಾಲಿನಲ್ಲೇ ನಿನಗೇನು ಅನ್ನಿಸುತ್ತದೆ ಹೇಳಬೇಕು, ಆಮೇಲೆ ಕಾರಣ, ನಿನ್ನ ಮಾತು ಒಪ್ಪದವರು ಏನನ್ನುತ್ತಾರೆ, ಅದಕ್ಕೆ ನಿನ್ನ ಉತ್ತರವೇನು... ನನಗೇನು ಅನ್ನಿಸುತ್ತದೆ ಎಂದು ಅಲ್ಲಿಯತನಕ ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಮೇಡಂ ಮೊದಲ ಸಲ ಕೇಳಿದಾಗ, ಮನೆಗೆ ಹೋಗಿ ಅಪ್ಪನ್ನ ಕೇಳಿಕೊಂಡು ಬಂದು ಹೇಳುತ್ತೇನೆ ಎಂದಿದ್ದೆ. ಅವರು ನಗಲಿಲ್ಲ. ನಾಳೆ ಬಾ, ಅಪ್ಪನ್ನ ಕೇಳದೆ ಬಾ ಎಂದರು. ಹಾಗೆ ಬರುವುದಕ್ಕೆ ನನಗೆ ಹತ್ತು ದಿನ ಹಿಡಿಯಿತು.

ಹಾಳೆಯ ನಿಯಮ ಬೇರೆ. ಬರೆದವರು ಯಾರೆಂದು ಗುರುತು ಸಿಗುವ ಯಾವ ಚಿಹ್ನೆಯೂ ಅದರ ಮೇಲೆ ಇರಬಾರದು. ಬಣ್ಣದ ಪೆನ್ನಿನ ಗೆರೆ ಬೇಡ, ಹೂವು ಬೇಡ, ಕೊನೆಯಲ್ಲಿ ಸಹಿ ಬೇಡ. ಮೇಡಂ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು. ಒಂದನ್ನು ಮಾತ್ರ ಹೇಳಲಿಲ್ಲ, ಯಾಕೆಂದರೆ ಅದು ಚಿಹ್ನೆ ಎಂದು ಅವರಿಗೂ ತೋಚಲಿಲ್ಲ. ನಮ್ಮಲ್ಲಿ ಯಾವ ಹಾಳೆಗೂ ಮೊದಲು ನೆತ್ತಿಯ ಮೇಲೆ ಶ್ರೀಕಾರ ಬೀಳಬೇಕು. ಮದುವೆಯ ಸಾಮಾನಿನ ಪಟ್ಟಿಯಿರಲಿ, ಮಗಳಿಗೆ ಬರೆದ ಕಾಗದವಿರಲಿ, ಪರೀಕ್ಷೆಯ ಉತ್ತರವಿರಲಿ, ಶ್ರೀ ಇಲ್ಲದ ಹಾಳೆ ವಿಭೂತಿಯಿಲ್ಲದ ಹಣೆಯ ಹಾಗೆ. ಸ್ವತಃ ಮೇಡಂ ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಶ್ರೀ ಬರೆದೇ ಇಂಗ್ಲಿಷ್ ಪಾಠ ಶುರು ಮಾಡುತ್ತಿದ್ದರು.

ಸ್ಪರ್ಧೆಯ ದಿನ ಭಾಷಣ ಮುಗಿದ ಮೇಲೆ ಬರೆಯುವುದಕ್ಕೆಂದು ಆದೋನಿಯ ದೊಡ್ಡ ಶಾಲೆಯೊಂದರ ಹಾಲಿನಲ್ಲಿ ಕೂರಿಸಿದರು. ಇಸ್ತ್ರಿ ಮಾಡಿದ ಯೂನಿಫಾರ್ಮು, ಟೈ, ಶೂ ಹಾಕಿದ ಮಕ್ಕಳ ನಡುವೆ ನಾವು ಮೂರು ಜನ ರಬ್ಬರ್ ಚಪ್ಪಲಿಯವರು. ಶಾಲೆಯ ದಿನಗಳಲ್ಲಿ ಮಕ್ಕಳು ಹೊಲದ ಕೆಲಸಕ್ಕೆ ಹೋಗುವುದು ಸರಿಯೇ ಎಂಬುದು ವಿಷಯ. ನನಗೆ ಗೊತ್ತಿದ್ದದ್ದೇ! ಹತ್ತಿ ಬಿಡಿಸುವ ಕಾಲದಲ್ಲಿ ನಮ್ಮ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಹತ್ತಿ ಬಿಡಿಸುವುದು ಕೆಟ್ಟದ್ದಲ್ಲ, ಆ ಒಂದು ತಿಂಗಳು ಶಾಲೆಯೇ ಹೊತ್ತು ಬದಲಿಸಿಕೊಳ್ಳಲಿ ಎಂದು ಬರೆದೆ. ಅಪ್ಪನ್ನ ಕೇಳದೆ ಬರೆದೆ. ಗಂಟೆ ಹೊಡೆಯಿತು, ಹಾಳೆ ಕೊಟ್ಟೆ. ಹೊರಗೆ ನಲ್ಲಿಯ ಹತ್ತಿರ ನೀರು ಕುಡಿಯಲು ಬಗ್ಗಿದಾಗ ನೆನಪಾಯಿತು, ಮೊದಲ ಸಾಲಿಗೂ ಮುಂಚೆ ನನ್ನ ಕೈ ಶ್ರೀ ಬರೆದಿತ್ತು. ಕನ್ನಡದ ಶ್ರೀ. ಕನ್ನಡ ಶಾಲೆ ಅಲ್ಲಿ ನಮ್ಮದೊಂದೇ.

ಇನ್ನಿಬ್ಬರು ಬುತ್ತಿ ಬಿಚ್ಚಿದರು, ನಾನು ನನ್ನ ರೊಟ್ಟಿಯನ್ನು ಹಾಗೇ ಕಟ್ಟಿಟ್ಟೆ. ಕಿಟಕಿಯಾಚೆ ಹಾಳೆಗಳ ಮೂಲೆಗೆ ಅಂಟು ಹಚ್ಚುತ್ತಿದ್ದರು, ಆ ವಾಸನೆ ನೇರ ನಮ್ಮ ಮೇಲೆ ಬರುತ್ತಿತ್ತು. ಹೋಗಿ ಹೇಳಲೇ? ನೋಡದೇ ಹೋದರೂ ಹೋದಾರು ಎಂದುಕೊಂಡೆ. ಉರುಕುಂದದ ಈರಣ್ಣ ಸ್ವಾಮಿಗೆ ಮನಸ್ಸಿನಲ್ಲೇ ತೆಂಗಿನಕಾಯಿ ಹರಸಿಕೊಂಡೆ. ಬಾಗಿಲು ಸದ್ದಾದಾಗಲೆಲ್ಲ ಕಂಬದ ಮರೆಗೆ ಸರಿಯುತ್ತಿದ್ದೆ.

ಮಧ್ಯಾಹ್ನ ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೇಡಂ ಅವರನ್ನು ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು, ಅವರ ತೆಲುಗು ನಮಗೆಲ್ಲ ಕೇಳಿಸುತ್ತಿತ್ತು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಗುರುತಿರುವ ಹಾಳೆ ರದ್ದು, ರದ್ದಾದ ಹಾಳೆಯ ಮೂಲೆಯನ್ನು ಬಿಚ್ಚುವುದಿಲ್ಲ, ಅದು ಪದ್ಧತಿ ಎಂದರು. ಬರೆದ ಮಗುವೇ ಬಂದು ನಾನು ಮರೆತು ಬರೆದೆ ಎಂದು ಸಹಿ ಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಯಾರೂ ಬರದಿದ್ದರೆ ಟೀಚರು ನಿಯಮ ತಿಳಿಸಿಲ್ಲ ಎಂದು ಬರೆದು ನಿಮ್ಮ ಶಾಲೆಗೆ ಕಳಿಸಬೇಕಾಗುತ್ತದೆ ಎಂದರು. ಹಾಳೆಯನ್ನು ಮೇಡಂ ಮುಂದೆ ಇಟ್ಟರು. ಮೇಡಂ ಅದನ್ನು ನೋಡಿ ಎದ್ದು ನಮ್ಮ ಹತ್ತಿರ ವರಾಂಡಕ್ಕೆ ಬಂದರು.

"ಯಾರು ಬರ್ದೀರವ್ವ, ಹೇಳ್ರಿ. ಬೈಯಂಗಿಲ್ಲ ನಾ," ಎಂದರು. ನಮ್ಮ ಮೂವರಲ್ಲಿ ಯಾರ ಮುಖವನ್ನೂ ನೋಡಲಿಲ್ಲ, ಗೋಡೆಯ ಕಡೆ ನೋಡುತ್ತಿದ್ದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ನಾನು ಹೆಗಲು ಮುಟ್ಟಿಕೊಳ್ಳದ ಹಾಗೆ ಎರಡೂ ಕೈಗಳನ್ನು ಲಂಗದಲ್ಲಿ ಬಿಗಿಹಿಡಿದು ನಿಂತೆ. ಬಾಯಿ ತೆರೆದರೆ ಹೆಡ್‌ಮಾಸ್ತರರು ಪ್ರಾರ್ಥನೆಯಲ್ಲಿ ಎಲ್ಲರೆದುರು ನನ್ನ ಹೆಸರು ಕೂಗುತ್ತಾರೆ. ಅಷ್ಟೇ ನನ್ನ ಭಯ! ಜೂನಿನ ಮಾತು ನನಗೆ ನೆನಪಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಿತ್ತು. ಇನ್ನಿಬ್ಬರು ನಾನಲ್ಲ, ನಾನಲ್ಲ ಎಂದರು. ನಾನು ಅದನ್ನೂ ಅನ್ನಲಿಲ್ಲ, ನೆಲ ನೋಡಿದೆ. ಮೇಡಂ ತುಸು ಹೊತ್ತು ನಿಂತರು... ಎಷ್ಟು ಹೊತ್ತೋ, ನನಗೆ ಅದು ಇನ್ನೂ ಮುಗಿದಂತೆ ಅನ್ನಿಸುವುದಿಲ್ಲ. ಆಮೇಲೆ ಒಳಗೆ ಹೋಗಿ, ನಾನೇ ತಿಳಿಸಿ ಹೇಳಲಿಲ್ಲ ಸಾರ್ ಎಂದು ಸಹಿ ಮಾಡಿಕೊಟ್ಟರು.

ಬರುವಾಗ ಆದೋನಿ ಬಸ್ ಸ್ಟ್ಯಾಂಡಿನಲ್ಲಿ ನಮಗೆ ಮಿರ್ಚಿ ಬಜ್ಜಿ ಕೊಡಿಸಿದರು. ನಮ್ಮನ್ನು ಬಸ್ಸು ಹತ್ತಿಸಿ, ಕಿಟಕಿಯ ಹೊರಗೆ ನಿಂತು, ಹತ್ತಿಯ ಬಗ್ಗೆ ಬರೆದದ್ದು ಭಾಳ ಚೊಲೊ ಇತ್ತಂತ ಎಂದರು. ಯಾರಿಗೆಂದು ಹೇಳಲಿಲ್ಲ. ನಾನು ಮುಖ ತಿರುಗಿಸಿಕೊಂಡೆ.

ಜೂನಿನಲ್ಲಿ ಶಾಲೆ ತೆರೆಯಿತು, ಮೇಡಂ ಬರಲಿಲ್ಲ. ಬೋರ್ಡಿನ ಮೇಲೆ ಶ್ರೀ ಬರೆಯಲು ಬೇರೊಬ್ಬರು ಬರುವಷ್ಟರಲ್ಲಿ ದಸರಾ ದಾಟಿತ್ತು. ಆ ನಾಲ್ಕು ತಿಂಗಳು ಇಂಗ್ಲಿಷ್ ಪೀರಿಯಡ್ಡಿನಲ್ಲಿ ಸುಮ್ಮನೆ ಕೂತಿರುತ್ತಿದ್ದ ನಮ್ಮ ಪೈಕಿ ಆ ಶ್ರೀ ಯಾರ ಕೈಯದೆಂದು ಖಂಡಿತವಾಗಿ ಗೊತ್ತಿದ್ದವಳು ನಾನೊಬ್ಬಳೇ.

ಆಮೇಲೆ ನಾನು ಓದಿದೆ, ಟೀಚರಾದೆ, ಮದುವೆಯಾಗಿ ಆದೋನಿಗೇ ಬಂದೆ. ಪೆದ್ದಹರಿವಾಣಂ ಎಷ್ಟು ದೂರ? ಬಸ್ಸು ಹತ್ತಿದರೆ ಕೂತ ಜಾಗ ಬಿಸಿಯಾಗುವಷ್ಟರಲ್ಲಿ ಬರುತ್ತದೆ. ಹದಿನಾಲ್ಕು ವರ್ಷ ಹೋಗಲಿಲ್ಲ. ಇವತ್ತು ಮಗುವಿಗೆ ಜ್ವರ, ನಾಳೆ ಪರೀಕ್ಷೆ, ಮುಂದಿನ ತಿಂಗಳು ಖಂಡಿತ... ನೆವಗಳಿಗೇನು ಬರ? ಕಾರಣ ಅಂಜಿಕೆ ಒಂದೇ. ಹೋದ ವಾರ ಅಂಟು ಹಚ್ಚುವಾಗ ಒಂದು ಹಾಳೆಯ ನೆತ್ತಿಯ ಮೇಲೆ ಯಾವುದೋ ಮಗು ಕನ್ನಡದಲ್ಲಿ ಶ್ರೀ ಬರೆದದ್ದು ಕಂಡೆ. ಆ ಮಗುವಿನ ಪರವಾಗಿ ತೀರ್ಪುಗಾರರ ಹತ್ತಿರ ವಾದಕ್ಕೆ ನಿಂತೆ, ಸೋತೆ. ನಿಯಮ ಇನ್ನೂ ಅದೇ. ಮರುದಿನ ಭಾನುವಾರ, ಪೆದ್ದಹರಿವಾಣಂ ಬಸ್ಸು ಹತ್ತಿದೆ.

ಬಾಗಿಲು ತೆರೆದವರು ಮೇಡಂ ಅವರ ಅಕ್ಕ. ಮೇಡಂ ತೀರಿಕೊಂಡು ಎರಡು ವರ್ಷವಾಯಿತಂತೆ. ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಊರ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರಂತೆ, ಬೇರೆ ಶಾಲೆಗೆ ಅರ್ಜಿ ಹಾಕಿದಾಗೆಲ್ಲ ಅಂದು ಸಹಿ ಮಾಡಿಕೊಟ್ಟ ಆ ಹಳೆಯ ಕಾಗದ ಅಡ್ಡ ಬರುತ್ತಿತ್ತಂತೆ. ನಾನು ಕೂತಲ್ಲೇ ಎಲ್ಲ ಹೇಳಿಬಿಟ್ಟೆ. ಅಳುತ್ತ ಹೇಳಿದೆ, ನಾಚಿಕೆಯಾಗುತ್ತಿತ್ತು, ಆದರೂ ಹೇಳಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದ ಮೊರ ಪಕ್ಕಕ್ಕಿಟ್ಟು ನನ್ನನ್ನು ನೋಡಿದರು.

"ಗೊತ್ತಿತ್ತವ್ವ ಆಕಿಗೆ," ಎಂದರು. "ದಿನಾ ನಿಮ್ಮ ನೋಟ್‌ಬುಕ್ಕು ತಿದ್ದಾಕಿ, ನಿನ್ನ ಅಕ್ಷರ ಆಕಿಗೆ ಗೊತ್ತಾಗಂಗಿಲ್ಲೇನು? ಅಂಜಬುರುಕಿ ಐತಿ, ಒಂದಿನ ತಾನಾ ಬಂದು ಹೇಳ್ತಾಳ ಅಂತಿದ್ಲು. ಬಾಗಲ ಬಡಿದ್ರ ಸಾಕು, ಆಕಿನಾ ಇರಬೇಕು ಅಂತ ಎದ್ದು ಹೋಗಾಕಿ. ಮೊದಲ ಮೊದಲ ಭಾಳ ಅಂತಿದ್ಲು. ಆಮ್ಯಾಲ ಬಿಟ್ಟುಬಿಟ್ಲು."

ಎದ್ದು ಹೋಗಿ ಚಹಾ ಮಾಡಿ ತಂದರು. ಕುಡಿದೆ. ಹಾಗೆ ಅನ್ನುವುದನ್ನು ಯಾವ ವರ್ಷದಿಂದ ಬಿಟ್ಟರು ಎಂದು ಕೇಳಬೇಕೆಂದು ಬಾಯಿಯ ತನಕ ಬಂತು. ಕೇಳುವ ಧೈರ್ಯವಾಗಲಿಲ್ಲ.