ಕರೆದ ಕೈಯ ಮಡಿಲಕ್ಕಿ

ಮಕ್ಕಳೇ, ಮೈಯೊಳಗಿನ ಜೀವಕೋಶಗಳು ಹೇಗೆ ಸಾಯುತ್ತವೆ ಎಂದು ನಿಮ್ಮಮ್ಮ ದೊಡ್ಡವರ ಮುಂದೆ ಮಾತಾಡುವುದನ್ನು ನೀವು ಕಂಡಿದ್ದೀರಿ. ಆ ಮಾತನ್ನು ಎಲ್ಲರಿಗಿಂತ ಮೊದಲು ಕೇಳಿದವಳು ನಾನು, ರೇಷ್ಮೆ ಹುಳುವಿನ ತಟ್ಟೆ ತೊಳೆಯುತ್ತಾ. ಅರ್ಧಂಬರ್ಧ ತಿಳಿದುಕೊಂಡು ಅದನ್ನು ನಿಮ್ಮ ತಾತನ ಅಕ್ಕನ ಮೇಲೆ ಪ್ರಯೋಗ ಮಾಡಿದವಳೂ ನಾನೇ.

ಆಗ ನಾವು ದೊಡ್ಡಮಳೂರಿನ ಹತ್ತಿರ ಇದ್ದೆವು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಕೂಲಿಗೆ ಬರುತ್ತಿದ್ದವರೆಲ್ಲ ಬೆಳಗಾದರೆ ಕಾರ್ಖಾನೆಯ ಬಸ್ಸು ಹತ್ತಿಬಿಡುತ್ತಿದ್ದರು. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಹುಳುವಾದರೆ ಕಾಯುವುದಿಲ್ಲ. ಒಂದೇ ದಿನದಲ್ಲಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಕೈ ಸಾಲದೆ ನೆಂಟರಿಗೆಲ್ಲ ಹೇಳಿ ಕಳಿಸಿದೆ. ಹದಿನೈದು ಜನ ಬಂದರು, ಹುಳು ಬಿಟ್ಟರು, ಉಂಡರು, ಹೊರಟರು. ಮಾಗಡಿ ಕಡೆಯ ಕಲ್ಯದಿಂದ ಬಂದ ನಿಮ್ಮ ತಾತನ ಅಕ್ಕ, ನನ್ನ ಅತ್ತಿಗೆ, ಮಾತ್ರ ಉಳಿದರು. ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತು, ಅತ್ತಿಗೆ ಹೋಗಲಿಲ್ಲ.

ಬಿಡದಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹುಡುಗನನ್ನು ಅವರು ನಿಮ್ಮಮ್ಮನಿಗೆ ಗೊತ್ತುಮಾಡಿಕೊಂಡು ಬಂದಿದ್ದರು. ಗಂಡಿನ ಕಡೆಯವರದು ಒಂದೇ ಮಾತು: ಮದುವೆಯಾದ ಮೇಲೆ ಓದು ಬೇಡ. ಅವರು ಭಾನುವಾರ ಹೆಣ್ಣು ನೋಡಲು ಬರುವವರಿದ್ದರು. ಸೋಮವಾರ ನಿಮ್ಮಮ್ಮ ಬೆಂಗಳೂರಿನಲ್ಲಿ ತನ್ನ ಸಂಶೋಧನೆಯ ವಿಷಯ ಮಂಡಿಸಬೇಕಿತ್ತು. ಅಲ್ಲಿನ ಮೇಷ್ಟರುಗಳು ಒಪ್ಪಿದರೆ ಓದು ಮುಂದುವರಿಯುತ್ತಿತ್ತು.

ಬೇಡ ಎನ್ನಲು ನನಗೆ ಬಾಯಿಲ್ಲ. ಅಂಚೆಯವನು ಬಂದರೂ ಬಾಗಿಲ ಮರೆಗೆ ಸರಿಯುವವಳು ನಾನು. ಅದಕ್ಕೇ ಕಳ್ಳದಾರಿ ಹಿಡಿದೆ. ಅತ್ತಿಗೆಯ ಚೀಲವನ್ನು ಹೊಸಿಲ ಪಕ್ಕ ಇಟ್ಟೆ. ಇಲಿ ಕಡಿದೀತೆಂದು ಒಳಗೆ ತಂದಿಟ್ಟುಕೊಂಡರು. ಸಾರಿಗೆ ಖಾರ ಸುರಿದೆ. ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮಾಗಡಿ ಬಸ್ಸು ಹೊತ್ತಾದರೆ ತುಂಬಿಹೋಗುತ್ತದೆ ಎಂದೆ.

“ನೂಕಾಡ್ಕಂಡು ಯಾಕ್ ಹೋಗ್ಲಿ ಕಣಮ್ಮಿ? ತವರಿಂದ ಮಡಿಲಕ್ಕಿ ಇಲ್ದೆ ಹೊಸ್ಲು ದಾಟಾದುಂಟಾ? ನೀನಂತೂ ತುಂಬಂಗಿಲ್ಲ. ನಿನ್ ಮಗಳು ಮುತ್ತೈದೆ ಆಗ್ಲಿ, ಅವಳೇ ತುಂಬ್ತಾಳೆ. ಆಗ ಹೊಂಟೆ ಅನ್ಕೋ.”

ತವರಿಗೆ ಬಂದ ಹೆಣ್ಣನ್ನು ಕಳಿಸುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬುತ್ತೇವೆ. ತುಂಬಿಸಿಕೊಂಡ ಮೇಲೆ ಆ ಮನೆಯಲ್ಲಿ ಮತ್ತೆ ಕೂರುವಂತಿಲ್ಲ. ಆದರೆ ಗಂಡನಿಲ್ಲದವಳು ತುಂಬುವ ರೂಢಿ ಇಲ್ಲ.

ಗುರುವಾರ ಸಂಜೆ ನಿಮ್ಮಮ್ಮ ಖಾಲಿ ಹುಳುಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಜೀವಕೋಶಗಳೆಂದು ಸೊನ್ನೆಗಳನ್ನು ಬರೆದು ಸೋಮವಾರದ ಮಾತು ಒಪ್ಪಿಸುತ್ತಿದ್ದಳು. ನಡುವೆ ಬಾಯಿ ಹಾಕದವಳೆಂದು ನನ್ನನ್ನೇ ಕೂರಿಸಿಕೊಂಡಿದ್ದಳು. ರಕ್ತದಲ್ಲಿ ರೋಗದೊಂದಿಗೆ ಕಾದಾಡುವ ಬಿಳಿ ಕಣಗಳಿವೆಯಂತೆ. ರೋಗಾಣು ಹೊಕ್ಕರೆ ಒಂದು ಎರಡಾಗಿ, ಎರಡು ನಾಲ್ಕಾಗಿ ದಂಡೇ ಎದ್ದು ನಿಲ್ಲುತ್ತದೆ. ಹಾಗೆ ಒಡೆದು ಹೆಚ್ಚುವಂತೆ ಮಾಡಲು ಕೆಲವು ಪ್ರೋಟೀನುಗಳಿವೆ. ರೋಗ ಹೋದ ಮೇಲೆ ಆ ದಂಡಿನಲ್ಲಿ ಬಹುಪಾಲು ಸಾಯಬೇಕು.

“ಸಾಯ್ದೆ ಉಳ್ಕಂಡ್ರೆ?” ಎಂದೆ.

“ಮಾಡಾಕೆ ಕೆಲ್ಸ ಇರಲ್ಲ ಕಣಮ್ಮ. ಮನೆಯೋರ ಮೇಲೇ ಬೀಳ್ತವೆ.”

ಅಷ್ಟರಲ್ಲಿ ಜಗಲಿಯಿಂದ ಅತ್ತಿಗೆಯ ದನಿ ಕೇಳಿತು. ಭಾನುವಾರ ನಿಮ್ಮಮ್ಮನಿಗೆ ಯಾವ ಸೀರೆ ಉಡಿಸಬೇಕೆಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

“ಮತ್ತೆ ಅವಕ್ಕೆ ಹೋಗು ಅನ್ನೋರು ಯಾರು?”

“ಅದೇ ನಾನು ಹೇಳಬೇಕಾಗಿರೋದು. ಹೆಚ್ಚಿ ಅಂತ ಎಬ್ಬಿಸಿದ್ವಲ್ಲ, ಆ ಪ್ರೋಟೀನುಗಳಲ್ಲೇ ಕೆಲವಕ್ಕೆ ಸಾಯ್ಸೋದ್ರಲ್ಲೂ ಕೈ ಐತೆ.”

“ಕರೆದೋರೇ ಕಳಿಸ್ತಾರೆ ಅನ್ನು.”

“ಒಸಿ ಹಂಗೇ ಅನ್ಕೋ.”

ನಾನು ಪೂರ್ತಿ ಹಾಗೆಯೇ ಅಂದುಕೊಂಡೆ.

ಮರುದಿನ ಬೆಳಗ್ಗೆ ಅತ್ತಿಗೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೊರ ಹಿಡಿದು ಎದುರು ಹೋಗಿ ನಿಂತೆ.

“ಅತ್ತಿಗೆ, ಸೆರಗು ಒಡ್ಡಿ.”

ಇನ್ನಷ್ಟು ಅವರೆಕಾಯಿ ಹಾಕುತ್ತಾಳೆ ಎಂದುಕೊಂಡು ಒಡ್ಡಿದರು. ಅಕ್ಕಿ ಸುರಿದೆ. ಅವಸರಕ್ಕೆ ಕಾಲುಭಾಗ ನೆಲದ ಪಾಲಾಯಿತು. ಅದರ ಮೇಲೆ ಕೊಬ್ಬರಿ, ಒಂದು ಅಚ್ಚು ಬೆಲ್ಲ.

“ಏನಮ್ಮಿ ಇದು? ನೀನು ತುಂಬಬೌದಾ?”

“ಹುಳ ಬಿಡಾಕೆ ಬನ್ನಿ ಅಂತ ಕರೆದೋಳು ನಾನೇ ಅಲ್ವಾ ಅತ್ತಿಗೆ? ಕಳ್ಸೋಳೂ ನಾನೇ. ಗಂಡಿನ ಕಡೇರಿಗೆ ಭಾನುವಾರ ಬರಬೇಡಿ ಅಂತ ನೀವೇ ಹೇಳ್ಬುಡಿ. ಮಗಳು ಓದ್ಲಿ.”

ನನ್ನ ಜನ್ಮದಲ್ಲಿ ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು.

ಅತ್ತಿಗೆ ಮಡಿಲು ನೋಡಿದರು. ತವರಿನ ಅಕ್ಕಿಯನ್ನು ಕೊಡವಿ ಏಳುವಂತಿಲ್ಲ, ಇಟ್ಟುಕೊಂಡರೆ ಕೂರುವಂತಿಲ್ಲ. ಬಾಗಿಲ ಹಿಂದಿನಿಂದ ನಿಮ್ಮಮ್ಮ ಇಣುಕುತ್ತಿದ್ದಳು.

“ಬಾಯಿ ಇಲ್ದೋಳು ಅಂತ ನಿನ್ನ ಆರಿಸಿ ನನ್ ತಮ್ಮನಿಗೆ ತಂದೋಳು ನಾನೇ ಕಣೆ,” ಎಂದರು. ಮಡಿಲಿನ ಅಕ್ಕಿಯನ್ನು ಒಟ್ಟುಮಾಡಿಕೊಂಡು, “ಬೆಲ್ಲ ಕಮ್ಮಿ ಆಯ್ತು, ಇನ್ನೊಂದು ಅಚ್ಚು ಹಾಕು,” ಎಂದರು.

ಎರಡು ಹಾಕಿದೆ. ಚೀಲವನ್ನೂ ನಾನೇ ತಂದುಕೊಟ್ಟೆ, ತುಸು ಬೇಗನೇ.

ಭಾನುವಾರ ಯಾರೂ ಬರಲಿಲ್ಲ. ಸೋಮವಾರ ನಿಮ್ಮಮ್ಮ ಚನ್ನಪಟ್ಟಣದಲ್ಲಿ ರೈಲು ಹತ್ತಿದಳು. ಸಂಜೆ ಮನೆಗೆ ಬಂದವಳೇ ನನ್ನನ್ನು ಹುಳುಮನೆಯ ತುಂಬಾ ಗಿರಗಿರನೆ ತಿರುಗಿಸಿದಳು.

ಮುಂದಿನ ಬೆಳೆ ಹಣ್ಣಾದಾಗ ಎಲ್ಲರನ್ನೂ ಮತ್ತೆ ಕರೆದೆ. ಮೊದಲು ಬಂದಿಳಿದವರು ಅತ್ತಿಗೆ. ಕೊನೆಯ ಹುಳು ಚಂದ್ರಿಕೆಗೆ ಬಿದ್ದದ್ದೇ ತಡ, ಹೊಸಿಲ ಬಳಿ ಹೋಗಿ ನಿಂತು, ಸೆರಗು ಒಡ್ಡಿ, ನನ್ನ ಕಡೆಗೇ ನೋಡುತ್ತಿದ್ದರು.