ಕಬ್ಬಿಣ ಮಾತ್ರ ಕಾಣುವ ಯಂತ್ರ

ಹೊಳೆ ಏರಿದಾಗ ಬುಕ್ಕಸಾಗರದ ರೈತರ ಪಂಪು ಕೊಚ್ಚಿಕೊಂಡು ಹೋಗಿ ಮುಳುಗಿತ್ತು. ಇತ್ತ ನಾಟಿ ಮಾಡಿದ ಭತ್ತ ಒಣಗತೊಡಗಿತ್ತು. ರಾಡಿ ನೀರಿನಲ್ಲಿ ಹುಡುಕಿ ಸೋತವರು, ಸರ್ವೆ ಕೆಲಸ ಮಾಡುವ ನನ್ನನ್ನು ಹೊಸಪೇಟೆಯಿಂದ ಕರೆಸಿದರು.

ನನ್ನ ಹತ್ತಿರ ಇದ್ದದ್ದು ಕಾಂತಕ್ಷೇತ್ರ ಅಳೆಯುವ ಸೆನ್ಸರ್. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಕಬ್ಬಿಣ ಇರುವ ಕಡೆ ಅದರ ಬಲ ತುಸು ಹೆಚ್ಚುಕಡಿಮೆಯಾಗುತ್ತದೆ, ಸೆನ್ಸರ್ ಅದನ್ನು ಹಿಡಿಯುತ್ತದೆ. ನಡುವೆ ನೀರಿರಲಿ, ಕೆಸರಿರಲಿ, ಅಡ್ಡಿಯಿಲ್ಲ. ಕಬ್ಬಿಣವೇ ಇಲ್ಲದ ಬಿದಿರಿನ ಹರಿಗೋಲಂತೂ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಆದರೆ ಹುಟ್ಟು ಹಾಕುತ್ತಿದ್ದ ಗಂಗಮ್ಮ ನನ್ನ ಕಡೆ ಬಾಗಿದಾಗಲೆಲ್ಲ ಅಂಕಿ ಜಿಗಿಯುತ್ತಿತ್ತು. ನೋಡಿದರೆ ಅವರ ತಾಳಿಯಲ್ಲಿ ಪಿನ್ನುಗಳ ಗೊಂಚಲು. ಹೇಗೆ ಹೇಳುವುದು?

"ಅಕ್ಕಾ, ನಿಮ್ಮ ತಾಳಿ..."

ಅವರ ಕೈ ನಿಂತಿತು. "ತಾಳಿಗೇನಾತ್ರಿ?"

"ತಾಳಿ ಇರ್ಲಿ, ಅದರಾಗಿನ ಪಿನ್ನು ತೆಗೀರಿ. ಇದಕ್ಕ ಬಂಗಾರ ಕಾಣಂಗಿಲ್ಲ, ಕಬ್ಬಿಣ ಕಾಣ್ತೈತಿ."

"ಬಂಗಾರ ಬಿಟ್ಟು ಪಿನ್ನು ಹಿಡೀತೈತಾ? ಭಾಳ ಬಡವರ ಮಿಷಿನ್ ಬಿಡ್ರಿ!" ಎಂದು ನಕ್ಕು, ಹರಿಗೋಲನ್ನು ದಡಕ್ಕೆ ತಿರುಗಿಸಿ, ಪಿನ್ನುಗಳನ್ನು ಬಿಚ್ಚಿ ಅಲ್ಲಿಟ್ಟು ಬಂದರು.

ಮತ್ತೆ ಹೊಳೆಗಿಳಿದೆವು. ಬಂಡೆಯೊಂದರ ಪಕ್ಕ ಅಂಕಿ ಒಮ್ಮೆಲೇ ಏರಿತು. ಜೊತೆಗೆ ಬಂದಿದ್ದ ರೈತನೊಬ್ಬ ಅಲ್ಲಿ ಮುಳುಗು ಹಾಕಿ, ಮೇಲೆದ್ದು "ಸಿಕ್ತು!" ಎಂದು ಕೂಗಿದ. ಹಗ್ಗ ಕಟ್ಟಿ ಎಲ್ಲರೂ ಎಳೆದು ಪಂಪನ್ನು ದಡ ಸೇರಿಸಿದರು.

ಆಮೇಲೆ ಜನ ನನ್ನನ್ನು ಮುತ್ತಿಕೊಂಡರು. ಒಬ್ಬರ ಹಿತ್ತಾಳೆ ಕೊಡ, ಇನ್ನೊಬ್ಬರ ಬೆಳ್ಳಿ ಗೆಜ್ಜೆ ಹೊಳೆಯ ಪಾಲಾಗಿದ್ದವಂತೆ. ಅವೆರಡೂ ಇದಕ್ಕೆ ಕಾಣುವುದಿಲ್ಲ ಎಂದೆ. ಯಾರೂ ನಂಬಲಿಲ್ಲ. ಸರ್ವೆಯವನಿಗೆ ಊಟದ ಹೊತ್ತಾಗಿದೆ, ಅದಕ್ಕೇ ನೆಪ ಹೇಳುತ್ತಿದ್ದಾನೆ ಅಂದುಕೊಂಡರು.